ಗಾಜಿನ ಬಂಗಡೆ: ಕುಂಚ ಕೆಳಗಿಟ್ಟು ಉರಿಯ ಮುಂದೆ ಕೂತ ಕಥೆ

[ದೃಶ್ಯ: ಅಂಗೈ ಮೇಲೆ ಹೆಬ್ಬೆರಳುದ್ದದ ಗಾಜಿನ ಬಂಗಡೆ. ಕಿಟಕಿಯ ಬೆಳಕು.]

ನಮಸ್ಕಾರ. ಈ ಬಂಗಡೆ ಮೀನು ಒಂದು ಮಣಿ. ಬಾಯಿಂದ ಬಾಲದವರೆಗೆ ತೂತು ಇದೆ, ದಾರ ಪೋಣಿಸಿ ಕತ್ತಿಗೆ ಹಾಕ್ಕೊಳ್ಬಹುದು. ನಾನು ಅಂಕೋಲೆಯವಳು, ಬಿಎಫ್‌ಎ ಓದಿದ್ದು ಚಿತ್ರಕಲೆಯಲ್ಲಿ. ಗಾಜಿಗೆ ಬಂದ ಮೇಲೆ ಆ ಓದಿನಲ್ಲಿ ಯಾವುದು ಕೈ ಹಿಡೀತು, ಯಾವುದು ಕೈ ಕೊಡ್ತು ಅಂತ ಇವತ್ತು ಹೇಳ್ತೇನೆ.

[ದೃಶ್ಯ: ಹಳೆಯ ತೈಲಚಿತ್ರ. ಕ್ಯಾಮೆರಾ ನಿಧಾನಕ್ಕೆ ಕತ್ತಿನ ಹತ್ತಿರ.]

ಕಾಲೇಜಿನಲ್ಲಿ ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿಯೊಬ್ಬರ ಭಾವಚಿತ್ರ ಬರೀತಿದ್ದೆ. ಅದೇ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಗಿಡ ನೆಟ್ಟು ಹೆಸರಾದ ತುಳಸಿ ಗೌಡ ಇವರ ಫೋಟೋ ನೋಡಿದವರಿಗೆ ಗೊತ್ತು, ಕತ್ತು ಕಾಣದಷ್ಟು ಮಣಿಸರ. ಮುಖ ಬಂತು, ಸೀರೆಯ ಗಂಟು ಬಂತು, ಮಣಿ ಬರಲೇ ಇಲ್ಲ. ಒಂದೊಂದಕ್ಕೂ ಬಿಳಿ ಚುಕ್ಕಿ ಇಟ್ಟು ಹೊಳಪು ತೋರಿಸಿದೆ. ನೋಡಿದ್ರೆ ಸಾಸಿವೆ ಅಂಟಿಸಿದ ಹಾಗೆ. ಗಾಜಿನ ಮಣಿಯಲ್ಲಿ ಬೆಳಕು ಒಂದು ಕಡೆಯಿಂದ ಹೊಕ್ಕು, ಒಳಗೆ ತಿರುಗಿ, ಇನ್ನೊಂದು ಕಡೆ ಬಣ್ಣ ಹಿಡ್ಕೊಂಡು ಹೊರಗೆ ಬರ್ತದೆ. ಅದನ್ನು ಬರೆಯೋದಕ್ಕಿಂತ ಮಾಡಿಯೇ ನೋಡ್ಬೇಕು ಅನ್ನೋ ಹುಚ್ಚು ಹತ್ತಿದ್ದು ಅಲ್ಲಿ.

[ದೃಶ್ಯ: ಟಾರ್ಚ್ ಹೊತ್ತಿಸುವುದು. ನೀಲಿ ಉರಿ.]

ಈ ಕೆಲಸಕ್ಕೆ ಲ್ಯಾಂಪ್‌ವರ್ಕ್ ಅಂತ ಹೆಸರು. ಹಿಂದೆ ಎಣ್ಣೆ ದೀಪದ ಕುಡಿಗೆ ಗಾಳಿ ಊದಿ ಗಾಜು ಕರಗಿಸ್ತಿದ್ರು. ನಮ್ಮ ಅಕ್ಕಸಾಲಿಗರು ಊದುಗೊಳವೆ ಹಿಡಿದು ಬೆಸುಗೆ ಹಾಕ್ತಿದ್ರಲ್ಲ, ಅದೇ ಉಪಾಯ. ಈಗ ಗ್ಯಾಸ್, ಆಕ್ಸಿಜನ್ ಎರಡೂ ಸೇರಿದ ಟಾರ್ಚ್. ಸ್ಟೀಲ್ ಸರಳಿಗೆ ಜೇಡಿಯಂಥ ಲೇಪ ಹಚ್ಚಿ ಒಣಗಿಸ್ತೇನೆ. ಅದರ ಮೇಲೆ ಕರಗಿದ ಗಾಜು ಸುತ್ತೋದು. ಲೇಪ ಇಲ್ಲದಿದ್ರೆ ಗಾಜು ಸರಳಿಗೇ ಕಚ್ಚಿಕೊಳ್ತದೆ. ನಮ್ಮ ಮಳೆಗಾಲದಲ್ಲಿ ಹಪ್ಪಳವೇ ಒಣಗೋದಿಲ್ಲ, ಇನ್ನು ಈ ಲೇಪ! ಜೂನ್ ಬಂದ್ರೆ ಸರಳುಗಳನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸ್ತೇನೆ.

ಸರಳು ತಿರುಗ್ತಾನೇ ಇರ್ಬೇಕು. ನಿಲ್ಲಿಸಿದ ಕ್ಷಣ ಗಾಜು ಜೇನಿನ ಹಾಗೆ ಒಂದು ಕಡೆ ಜೋಲ್ತದೆ. ಚಿತ್ರ ಬರೆಯುವಾಗ ಎರಡು ಹೆಜ್ಜೆ ಹಿಂದೆ ಹೋಗಿ ನಿಂತು ನೋಡೋ ಅಭ್ಯಾಸ ನನಗೆ. ಇಲ್ಲಿ ಹಿಂದೆ ಹೋಗೋ ಹಾಗೇ ಇಲ್ಲ. ಮೊದಲ ತಿಂಗಳುಗಳಲ್ಲಿ ನನಗೆ ಅತಿ ಕಷ್ಟವಾದದ್ದು ಇದೇ.

[ದೃಶ್ಯ: ಬಿಳಿ ಗಾಜಿನ ಕಡ್ಡಿ ಕರಗುತ್ತ ಪಾರದರ್ಶಕವಾಗುವುದು, ಹಳದಿ ಕಡ್ಡಿ ಕೆಂಪಾಗುವುದು.]

ಕೈ ಕೊಟ್ಟದ್ದರಲ್ಲಿ ಎರಡನೇದು ಬಣ್ಣ. ಉರಿಯಲ್ಲಿ ಬಿಳಿ ಗಾಜು ತಿಳಿಯಾಗಿ ಕಾಣ್ತದೆ, ಹಳದಿ ಕೆಂಪಗಾಗ್ತದೆ, ತಣಿದ ಮೇಲೆ ತನ್ನ ಬಣ್ಣಕ್ಕೆ ಬರ್ತದೆ. ನೀಲಿಗೆ ಹಳದಿ ಕಲಸಿದ್ರೆ ಹಸಿರು ಬರ್ತದೆ ಅಂತ ಮಕ್ಕಳಿಗೂ ಗೊತ್ತು. ಗಾಜಿನಲ್ಲಿ ಅವೆರಡೂ ಎಳೆ ಎಳೆಯಾಗಿ ಬೇರೆಯೇ ಉಳೀತವೆ. ಕೋಬಾಲ್ಟ್ ನೀಲಿ ಕೊಡ್ತದೆ, ಚಿನ್ನ ಗುಲಾಬಿ ಕೊಡ್ತದೆ. ಪ್ಯಾಲೆಟ್‌ನ ಲೆಕ್ಕ ಬಿಟ್ಟು ರಸಾಯನಶಾಸ್ತ್ರದ ಲೆಕ್ಕ ಕಲೀಬೇಕಾಯ್ತು.

ಆದ್ರೆ ಈ ಬಂಗಡೆ ಹುಟ್ಟಿದ್ದೇ ಆ ಲೆಕ್ಕದಿಂದ. ದಂತದ ಬಣ್ಣದ ಗಾಜಿನಲ್ಲಿ ಗಂಧಕ ಇದೆ, ಟರ್ಕಾಯ್ಸ್ ಅನ್ನೋ ಹಸಿರು-ನೀಲಿ ಗಾಜಿನಲ್ಲಿ ತಾಮ್ರ ಇದೆ. ಎರಡೂ ತಾಗಿದ ಅಂಚಿನಲ್ಲಿ ತಾನಾಗಿ ಒಂದು ಕಪ್ಪು ಗೆರೆ ಏಳ್ತದೆ. ಅದನ್ನು ಮೊದಲ ಸಲ ನೋಡಿದಾಗ ಮಣಿ ಕೆಟ್ಟಿತು ಅಂದ್ಕೊಂಡೆ. ಮರುದಿನ ಮೀನು ಪೇಟೆಯಲ್ಲಿ ಬಂಗಡೆಯ ಬೆನ್ನು ನೋಡ್ತೇನೆ, ಅದೇ ಹಸಿರು-ನೀಲಿ, ಅದೇ ಕಪ್ಪು ಗೆರೆ!

[ದೃಶ್ಯ: ಒಡೆದ ಹಸಿರು ಬಳೆ ಚೂರು.]

ಒಂದು ತಪ್ಪಿನ ಕಥೆ. ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯಲ್ಲಿ ಬಳೆ ಇಟ್ಟುಕೊಳ್ಳದೆ ನಮ್ಮ ಅಮ್ಮ ಮನೆಗೆ ಬಂದದ್ದಿಲ್ಲ. ಅವರ ಒಡೆದ ಬಳೆ ಚೂರುಗಳನ್ನು ಕರಗಿಸಿ, ವೆನಿಸ್ ಹತ್ತಿರದ ಮುರಾನೋದಿಂದ ಬರುವ ಗಾಜಿನ ಜೊತೆ ಸೇರಿಸಿ ಒಂದು ಮಣಿ ಮಾಡಿದೆ. ತುಂಬ ಚೆಂದ ಬಂತು. ಮೂರನೇ ದಿನ ಮೇಜಿನ ಮೇಲೆ ಇದ್ದಲ್ಲೇ ಟಕ್ ಅಂತ ಸೀಳಿತು. ಕಾರಣ ಇಷ್ಟು: ಕಾಯ್ದಾಗ ಹಿಗ್ಗೋದು, ತಣಿದಾಗ ಕುಗ್ಗೋದು ಒಂದೊಂದು ಗಾಜಿಗೆ ಒಂದೊಂದು ಪ್ರಮಾಣ. ಮುರಾನೋ ಕಡ್ಡಿಗೆ 104 ಅನ್ನೋ ಅಂಕಿ, ಲ್ಯಾಬ್‌ನ ಬೊರೊಸಿಲಿಕೇಟ್ ಗಾಜಿಗೆ 33. ಅಂಕಿ ಹೊಂದದ ಎರಡನ್ನು ಬೆಸೆದರೆ ಒಳಗೇ ಎಳೆದಾಟ, ಒಂದು ದಿನ ಬಿರುಕು. ಈಗ ಬಳೆ ಗಾಜಿನ ಮಣಿಯನ್ನು ಒಂದೇ ಬಳೆಯ ಚೂರಿನಿಂದಲೇ ಮಾಡ್ತೇನೆ. ಅಮ್ಮನಿಗೆ ಅದೇ ಹೆಚ್ಚು ಇಷ್ಟ.

[ದೃಶ್ಯ: ಚಿಮಟದಿಂದ ರೆಕ್ಕೆ ಎಳೆಯುವುದು.]

ಕೈ ಹಿಡಿದದ್ದು ರೇಖಾಭ್ಯಾಸ. ಮೀನಿನ ಹೊಟ್ಟೆ ಎಲ್ಲಿ ತುಂಬಿದೆ, ಬಾಲದ ಬುಡ ಎಷ್ಟು ಸಪೂರ, ಇದೆಲ್ಲ ಸಾವಿರ ಸಲ ಪೆನ್ಸಿಲ್‌ನಲ್ಲಿ ಗೀಚಿದ್ದಕ್ಕೇ ಕೈಗೆ ಗೊತ್ತು. ಗಾಜು ಯೋಚಿಸೋಕೆ ಸಮಯ ಕೊಡೋದಿಲ್ಲ. ಮೆತ್ತಗಿರುವ ಕೆಲವೇ ಸೆಕೆಂಡಿನಲ್ಲಿ ಚಿಮಟದಿಂದ ರೆಕ್ಕೆ ಎಳೀಬೇಕು. ತೆಳು ರೆಕ್ಕೆ ಬೇಗ ತಣೀತದೆ, ದಪ್ಪ ಹೊಟ್ಟೆ ಇನ್ನೂ ಕೆಂಡ. ಹಾಗಾಗಿ ಬಾಲಕ್ಕೆ ಕೆಲಸ ಮಾಡುವಾಗಲೂ ನಡುನಡುವೆ ರೆಕ್ಕೆಗೆ ಉರಿ ತೋರಿಸ್ತಿರ್ಬೇಕು. ಇಲ್ಲದಿದ್ರೆ ಅದರ ಬುಡವೇ ಸೀಳ್ತದೆ. ಕ್ಯಾನ್ವಾಸಿನ ಮೀನಿಗೆ ಒಂದೇ ಮಗ್ಗುಲು. ಮಣಿ ದಾರದಲ್ಲಿ ತಿರುಗ್ತದೆ, ಯಾವ ಮಗ್ಗುಲು ಕಂಡರೂ ಮೀನಾಗಿರ್ಬೇಕು.

ಮುಗಿದ ಕೂಡಲೇ ಕಿಲ್ನ್‌ಗೆ, ಅಂದ್ರೆ ಬಿಸಿ ಹತೋಟಿಯಲ್ಲಿಡುವ ಗೂಡಿಗೆ. ಸುಮಾರು 510 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು, ಆಮೇಲೆ ರಾತ್ರಿಯಿಡೀ ನಿಧಾನ ತಣಿಸೋದು.

[ದೃಶ್ಯ: ಬೆಳಿಗ್ಗೆ. ಕಿಲ್ನ್ ಬಾಗಿಲು ತೆರೆಯುವುದು. ಏಳು ಮೀನು.]

ಮೊದಲ ಸಲ ಏಳು ಬಂಗಡೆ ಇಟ್ಟೆ, ಐದು ಇಡಿಯಾಗಿ ಬಂದವು. ಒಂದನ್ನು ತಗೊಂಡು ಮೀನು ಪೇಟೆಗೆ ಹೋದೆ, ದಿನಾ ಮೀನು ಕೊಡುವ ಅಕ್ಕನ ಕೈಗೆ ಇಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ತಲೆಯ ಪಕ್ಕ ಒತ್ತಿ, "ಕಿವಿರು ಎಲ್ಲದೆ ತಂಗಿ?" ಅಂದರು. ಮೀನು ತಾಜಾವೋ ಅಲ್ಲವೋ ಅಂತ ಇಲ್ಲಿ ಎಲ್ಲರೂ ನೋಡೋದೇ ಕಿವಿರು ಎತ್ತಿ. ಅದನ್ನೇ ನಾನು ಬಿಟ್ಟಿದ್ದೆ.

[ದೃಶ್ಯ: ಮತ್ತೆ ಉರಿ. ಕೆಂಪು ಗಾಜಿನ ಕೂದಲೆಳೆ.]

ನೋಡಿ, ಈ ಕೆಂಪು ಎಳೆಯನ್ನು ತಲೆಯ ಎರಡೂ ಬದಿಗೆ ಒಳಗೆ ಒತ್ತಿ, ಮೇಲೊಂದು ತೆಳು ಮುಚ್ಚಳ ಎಳೀತೇನೆ.