ಹಿರಿಯ ಗಾಯಕರು ಬೇರಿನ ಹಾಡಿಗೆ ಮರಳಿದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದೇ ಬಗೆಯ ಹಾಡುಗಾರಿಕೆಯಿಂದ ದಶಕಗಳ ಕಾಲ ಹೆಸರು ಮಾಡಿದ ಗಾಯಕರೊಬ್ಬರು ಮುಪ್ಪಿನಲ್ಲಿ ಅದನ್ನು ಬದಿಗಿಟ್ಟು ಜನಪದರ ಹಾಗೂ ಭಕ್ತರ ಹಾಡುಗಳತ್ತ ತಿರುಗಿದರೆ, ಆ ತಿರುವನ್ನು ಪ್ರಾಮಾಣಿಕವೆಂದು ನಂಬುವುದು ಹೇಗೆ? ನಮ್ಮ ಮೈಸೂರು ಸೀಮೆಯಲ್ಲಿ ಸುಗಮ ಸಂಗೀತದ ಗಾಯಕರು ಮಾದಪ್ಪನ, ಅಂದರೆ ಮಲೆ ಮಾದೇಶ್ವರನ ಪದಗಳನ್ನು ಕೈಗೆತ್ತಿಕೊಂಡಾಗಲೆಲ್ಲ ಏಳುವ ಈ ಪ್ರಶ್ನೆಗೆ, ದೂರದ ವೇಲ್ಸ್‌ನ ಗಾಯಕ ಟಾಮ್ ಜೋನ್ಸ್ ಅವರ ಉದಾಹರಣೆ ಒಳ್ಳೆಯ ಬೆಳಕು ಕೊಡುತ್ತದೆ.

1940ರಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರೊಬ್ಬರ ಮಗನಾಗಿ ಹುಟ್ಟಿದ ಜೋನ್ಸ್, 1965ರ ಒಂದು ಹಾಡಿನಿಂದ ಲೋಕಪ್ರಸಿದ್ಧರಾದರು. ಆಮೇಲೆ ಲಾಸ್ ವೇಗಸ್‌ನ ವೇದಿಕೆಗಳು, ದೂರದರ್ಶನದ ಕಾರ್ಯಕ್ರಮಗಳು ಮತ್ತು ಅಬ್ಬರದ ವಾದ್ಯಮೇಳ ಅವರ ಗುರುತಾದವು. ಎಪ್ಪತ್ತು ತುಂಬಿದ 2010ರಲ್ಲಿ ಅವರು ‘ಪ್ರೇಯ್ಸ್ ಅಂಡ್ ಬ್ಲೇಮ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ನಿರ್ಮಾಪಕ ಈಥನ್ ಜಾನ್ಸ್ ಅವರೊಂದಿಗೆ ಆರಿಸಿಕೊಂಡ ಅದರ ಹಾಡುಗಳಲ್ಲಿ ಹೆಚ್ಚಿನವು ಅಮೆರಿಕದ ಕಪ್ಪು ಜನರ ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ಮತ್ತು ಬ್ಲೂಸ್ (ನೋವಿನ ಹಾಡು) ಪರಂಪರೆಗೆ ಸೇರಿದವು. ಧ್ವನಿಮುದ್ರಿಕೆಯ ಕಂಪನಿಯ ಅಧಿಕಾರಿಯೊಬ್ಬರು ಚರ್ಚಿನ ಹಾಡುಗಳು ತಮಗೆ ಬೇಕಿರಲಿಲ್ಲವೆಂದು ಸಿಡುಕಿದ ಪತ್ರ ಪತ್ರಿಕೆಗಳಿಗೂ ಸೋರಿತು. ಆದರೂ ಆ ಧ್ವನಿಮುದ್ರಿಕೆ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು.

ಮಾರಾಟವನ್ನು ನಾನು ಪ್ರಮಾಣವೆಂದು ಎಣಿಸುವುದಿಲ್ಲ. ನನಗೆ ಪ್ರಮಾಣವಾಗಿ ಕಾಣುವುದು ಆ ಧ್ವನಿಮುದ್ರಿಕೆಯ ಮೊದಲನೆಯ ಹಾಡು. ವಾದ್ಯಗಳು ಅಲ್ಲಿ ಬೆರಳೆಣಿಕೆಯಷ್ಟೇ, ಅವೂ ತಗ್ಗಿದ ದನಿಯಲ್ಲಿ ನುಡಿಯುತ್ತವೆ. ಸಭಾಂಗಣವನ್ನೇ ನಡುಗಿಸಬಲ್ಲ ಕಂಠ, ಏರಬಹುದಾದ ಕಡೆಯಲ್ಲೆಲ್ಲ ತನ್ನನ್ನು ತಡೆದುಕೊಂಡು, ತನ್ನ ಯೋಗ್ಯತೆಯನ್ನು ತಾನೇ ವಿಚಾರಿಸಿಕೊಳ್ಳುವ ಸಾಹಿತ್ಯಕ್ಕೆ ಜಾಗ ಬಿಟ್ಟುಕೊಡುತ್ತದೆ. ಕಲಾವಿದರೆಲ್ಲ ಒಂದೇ ಕೋಣೆಯಲ್ಲಿ ಕುಳಿತು ಏಕಕಾಲಕ್ಕೆ ನುಡಿಸಿದ್ದರಿಂದ, ಗಾಯಕರ ಉಸಿರು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಮೇಳವೂ ಕಾಯುತ್ತದೆ. ಜನ ಚಪ್ಪಾಳೆ ತಟ್ಟಿ ಮೆಚ್ಚಿದ ತನ್ನ ಶಕ್ತಿಯನ್ನೇ ಬಿಟ್ಟುಕೊಡಲು ಒಪ್ಪಿದ ಗಾಯಕನ ಮಾತನ್ನು ನಂಬಬಹುದು.

ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರಲ್ಲಿ ಇದೇ ಉಸಿರಿನ ನ್ಯಾಯವನ್ನು ಕಾಣುತ್ತೇವೆ. ಮುಮ್ಮೇಳದವರು ಮಾತು ಮತ್ತು ಹಾಡುಗಳ ನಡುವೆ ಸಾಲನ್ನು ಕಥೆ ಬೇಡಿದಷ್ಟು ಉದ್ದಕ್ಕೆ ಎಳೆಯುತ್ತಾರೆ. ಹಿಮ್ಮೇಳದವರು ಅದು ಮುಗಿಯುವವರೆಗೆ ಕಾದು ಸೊಲ್ಲು, ಅಂದರೆ ಪಲ್ಲವಿ ಹಿಡಿಯುತ್ತಾರೆ. ಬಟ್ಟಲಿನಂಥ ಕಂಸಾಳೆಗೆ ಚಪ್ಪಟೆ ತಾಳ ತಾಗುವ ಪೆಟ್ಟು ಆ ಸಾಲಿನ ಹಿಂದೆ ನಡೆಯುತ್ತದೆಯೇ ಹೊರತು ಮುಂದೆ ಅಲ್ಲ. ಸ್ಟುಡಿಯೋದಲ್ಲಿ ಕೀಬೋರ್ಡಿನ ಲಯವನ್ನು ಮೊದಲೇ ಕಟ್ಟಿ, ಆ ಅಳತೆಗೆ ಪದವನ್ನು ಕತ್ತರಿಸಿ ಕೂರಿಸಿದಾಗ ರಾಗ ಉಳಿದರೂ ಕಥೆ ಹೇಳುವವನ ಅಧಿಕಾರ ಹೋಗಿಬಿಡುತ್ತದೆ. ಜುಬ್ಬದ ಮೇಲೊಂದು ಕಂಬಳಿ ಹೊದ್ದುಕೊಂಡ ಮಾತ್ರಕ್ಕೆ ಅದು ಮರಳಿ ಬರುವುದಿಲ್ಲ.

ಇನ್ನು ಹಕ್ಕಿನ ಪ್ರಶ್ನೆ. ಗುಲಾಮಗಿರಿಯ ನೋವುಂಡ ಕಪ್ಪು ಜನರ ಪ್ರಾರ್ಥನೆಗಳನ್ನು ಬಿಳಿಯ ಗಾಯಕರೊಬ್ಬರು ಹಾಡಬಹುದೆ ಎಂದು ಕೇಳುವವರಿದ್ದಾರೆ, ಆ ಕೇಳಿಕೆ ನ್ಯಾಯವಾದದ್ದೇ. ಜೋನ್ಸ್ ಅವರು ಎಳವೆಯಲ್ಲಿ ಊರಿನ ಪ್ರಾರ್ಥನಾ ಮಂದಿರದ ಹಾಡುಗಳನ್ನು ಕೇಳಿ ಬೆಳೆದವರು. ಎಲ್ವಿಸ್ ಪ್ರೀಸ್ಲಿ ಅವರೊಂದಿಗೆ ಗಾಸ್ಪೆಲ್ ಹಾಡುತ್ತ ರಾತ್ರಿ ಕಳೆದದ್ದನ್ನು ಸ್ಮರಿಸಿಕೊಂಡವರು. ಈ ಹಾಡುಗಳು ಅವರಿಗೆ ಮುಪ್ಪಿನಲ್ಲಿ ಹೊಸದಾಗಿ ಸಿಕ್ಕಿದವಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಹಾಡುಗಳನ್ನು ಮೊದಲು ಹಾಡಿದ ಕಪ್ಪು ಗಾಯಕರಾದ ಸಿಸ್ಟರ್ ರೊಸೆಟ್ಟಾ ಥಾರ್ಪ್, ಜಾನ್ ಲೀ ಹೂಕರ್ ಮೊದಲಾದವರ ಋಣ ಎಲ್ಲರಿಗೂ ತಿಳಿಯುವಂತೆ ಉಳಿದಿದೆ. ನಮ್ಮಲ್ಲಿಯಾದರೋ ಎಷ್ಟೋ ಕ್ಯಾಸೆಟ್ಟುಗಳ ಮೇಲೆ ‘ಸಾಹಿತ್ಯ: ಜನಪದ’ ಎಂದು ಬರೆದು ಕೈತೊಳೆದುಕೊಂಡರು, ಪದ ಕಲಿಸಿದ ಗುಡ್ಡನ (ಮಾದಪ್ಪನ ಕಥೆ ಹಾಡುವ ಭಕ್ತನ) ಹೆಸರು, ಊರು ಯಾವುದೂ ಅದರಲ್ಲಿ ಇಲ್ಲ. ಇದು ನನಗೆ ನಿಜವಾಗಿ ನೋವು ತರುವ ಸಂಗತಿ.

ಜೋನ್ಸ್ ಅದೇ ನಿರ್ಮಾಪಕರೊಂದಿಗೆ 2012, 2015 ಮತ್ತು 2021ರಲ್ಲಿ ಮತ್ತೆ ಧ್ವನಿಮುದ್ರಿಕೆಗಳನ್ನು ತಂದರು. ನಮ್ಮ ಹಿರಿಯ ಗಾಯಕರಲ್ಲಿ ಈ ದಾರಿ ಹಿಡಿಯಲು ಬಯಸುವವರು, ಸ್ಟುಡಿಯೋ ಗೊತ್ತುಮಾಡುವ ಮುನ್ನ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರಕ್ಕೋ ಚಿಕ್ಕಲ್ಲೂರಿನ ಜಾತ್ರೆಗೋ ಹೋಗಿ, ತಂಬೂರಿ ಹಿಡಿದು ಮಂಟೇಸ್ವಾಮಿ ಪರಂಪರೆಯ ಕಥೆ ಹಾಡುವ ನೀಲಗಾರರ ಪಕ್ಕದಲ್ಲಿ ಕುಳಿತು, ಆ ಪರಂಪರೆಯ ಸಂತ ಸಿದ್ದಪ್ಪಾಜಿಯ ಕಥೆಗೆ ಮೊದಲು ಸೊಲ್ಲು ಹಿಡಿಯಲಿ ಎಂದು ವಿನಂತಿಸುತ್ತೇನೆ. ನಮಸ್ಕಾರ.