ಹಾಲಿಗೂ ಜೊಲ್ಲು, ರೇಷ್ಮೆಗೂ ಜೊಲ್ಲು

ಎಲ್ಲರಿಗೂ ನಮಸ್ಕಾರ.

ಜೊಲ್ಲಿನ ಗ್ರಂಥಿಗಳ ಬಗ್ಗೆ ಮಾತಾಡ್ತೀನಿ ಅಂದಾಗ ಸಂಘಟಕರು ಸ್ವಲ್ಪ ಮುಖ ಕಿವುಚಿದರು. ಆದರೆ ಶಿಡ್ಲಘಟ್ಟದಲ್ಲಿ ಇದಕ್ಕಿಂತ ಒಳ್ಳೆಯ ವಿಷಯ ಯಾವುದಿದೆ ಹೇಳಿ? ನಿಮ್ಮ ರೇಷ್ಮೆಗೂಡಿನ ಮಾರುಕಟ್ಟೆ ನಿಂತಿರುವುದೇ ಜೊಲ್ಲಿನ ಮೇಲೆ.

ಸುಮ್ನೆ ಹೇಳುತ್ತಿಲ್ಲ. ರೇಷ್ಮೆ ಹುಳುವಿನ ದಾರ ಬರುವುದು ರೂಪ ಬದಲಿಸಿಕೊಂಡ ಜೊಲ್ಲುಗ್ರಂಥಿಯಿಂದ. ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ಹುಳುವನ್ನು ಬೆನ್ನಿನ ಕಡೆಯಿಂದ ಕೊಯ್ದು ನೋಡಿ. ಎರಡೂ ಬದಿಗೆ ಬೆಂದ ಶಾವಿಗೆಯ ಹಾಗೆ ಹೊಳೆಯುವ ಕೊಳವೆಗಳು ಸುರುಳಿ ಸುತ್ತಿ ಬಿದ್ದಿರುತ್ತವೆ. ಹಿಂಭಾಗದಲ್ಲಿ ಫೈಬ್ರೋಯಿನ್ ಅನ್ನುವ ದಾರದ ಪ್ರೋಟೀನ್ ತಯಾರಾಗುತ್ತದೆ. ನಡುಭಾಗದಲ್ಲಿ ಅದಕ್ಕೆ ಸೆರಿಸಿನ್ ಅನ್ನುವ ಅಂಟು ಬಂದು ಮೆತ್ತಿಕೊಳ್ಳುತ್ತದೆ. ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿಗೆ ಹಾಕುವುದು ಈ ಅಂಟನ್ನು ಸಡಿಲ ಮಾಡಲಿಕ್ಕೇ. ಇನ್ನೊಂದು ವಿಚಿತ್ರ ಕೇಳಿ. ಈ ಗ್ರಂಥಿಯ ಜೀವಕೋಶಗಳ ಲೆಕ್ಕ ಮೊಟ್ಟೆಯಲ್ಲಿರುವಾಗಲೇ ಮುಗಿದಿರುತ್ತದೆ. ಆಮೇಲೆ ಒಂದೂ ಹೊಸದು ಹುಟ್ಟುವುದಿಲ್ಲ, ಇರುವುದೇ ದಪ್ಪ ಆಗುತ್ತಾ ಹೋಗುತ್ತದೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ ಮುಗಿಸಿ ಎದ್ದ ಹುಳುವಿಗೆ ಸೊಪ್ಪು ಕಡಿಮೆ ಆದರೆ ಗೂಡು ಯಾಕೆ ಹಗುರ ಅಂತ ಈಗ ಗೊತ್ತಾಯಿತಲ್ವಾ?

ಈ ಗ್ರಂಥಿಗೂ ಕಾಯಿಲೆ ಬರುತ್ತದೆ. ಗಂಟುರೋಗ, ಅಂದರೆ ಪೆಬ್ರಿನ್ ತಗುಲಿದ ಹುಳುವಿನಲ್ಲಿ ಆ ಹೊಳೆಯುವ ಕೊಳವೆಯ ಮೇಲೆ ಬಿಳಿ ಗುಳ್ಳೆಗಳು ಕಾಣುತ್ತವೆ. 1865ರಲ್ಲಿ ವಿಜ್ಞಾನಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿಗೆ ಹೋಗಿ ಈ ರೋಗದ ಬೆನ್ನು ಹತ್ತಿದ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಆ ಮೊಟ್ಟೆ ಎಸೆಯಿರಿ ಅಂದ. ಇವತ್ತಿಗೂ ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ಮಾಡುವುದು ಇದನ್ನೇ. ಪಾಶ್ಚರ್ ಮತ್ತೆ ಬರುತ್ತಾನೆ, ಇರಲಿ.

ಈಗ ಹಾಲಿಗೆ ಬರೋಣ. ಮನುಷ್ಯನಿಗೆ ದಿನಕ್ಕೆ ಒಂದು ಲೀಟರಿನ ಆಸುಪಾಸು ಜೊಲ್ಲು ಊರುತ್ತದೆ. ದೊಡ್ಡ ಹಸುವಿಗೆ 100 ಲೀಟರಿಗೂ ಜಾಸ್ತಿ. ಅದರ ತುಂಬಾ ಇರುವುದು ನಮ್ಮ ಅಡುಗೆ ಸೋಡಾ ಇದೆಯಲ್ಲ, ಅದೇ. ಹೊಟ್ಟೆಯಲ್ಲಿ ಮೇವು ಹುದುಗಿ ಹುಳಿಯಾಗುವುದನ್ನು ಈ ಸೋಡಾ ತಡೆಯುತ್ತದೆ. ಒಣಹುಲ್ಲು ಅಗಿದಷ್ಟೂ, ಮೆಲುಕು ಹಾಕಿದಷ್ಟೂ ಜೊಲ್ಲು ಜಾಸ್ತಿ. ಮದುವೆ ಮನೆಯ ಉಳಿದ ಅನ್ನ, ಮುದ್ದೆ, ಪಾಯಸವನ್ನು ಬಕೆಟ್‌ಗಟ್ಟಲೆ ಸುರಿದರೆ ಹಸು ಅಗಿಯುವುದೇ ಇಲ್ಲ, ನುಂಗುತ್ತದೆ. ಜೊಲ್ಲು ಸಾಕಾಗುವುದಿಲ್ಲ, ಹೊಟ್ಟೆ ಹುಳಿಗಟ್ಟುತ್ತದೆ. ಬೆಳಗಾಗುವಷ್ಟರಲ್ಲಿ ಹಸು ಮಲಗಿಬಿಟ್ಟಿರುತ್ತದೆ. ಪಶುವೈದ್ಯರು ಬಂದ ಕೂಡಲೇ ಸೋಡಾ ಕುಡಿಸುವುದು ಯಾಕೆ ಅಂದರೆ, ಜೊಲ್ಲು ಮಾಡಬೇಕಾಗಿದ್ದ ಕೆಲಸ ಅದು.

ಸಂಶೋಧನೆಯ ವಿಷಯಕ್ಕೆ ಬಂದರೆ ನನಗೆ ತುಂಬಾ ಇಷ್ಟವಾದ ಕಥೆ ಒಂದಿದೆ. 1950ರ ದಶಕ, ಅಮೆರಿಕದ ಸೇಂಟ್ ಲೂಯಿಸ್. ವಿಜ್ಞಾನಿಗಳಾದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಇಲಿಯ ಗಡ್ಡೆಯೊಂದರಲ್ಲಿ ನರ ಬೆಳೆಸುವ ಪದಾರ್ಥ ಹುಡುಕುತ್ತಿದ್ದರು. ಅದರಲ್ಲಿ ಬೆರೆತಿದ್ದ ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯಲು ಸ್ವಲ್ಪ ಹಾವಿನ ವಿಷ ಹಾಕಿದರು. ನೋಡಿದರೆ ನರಗಳು ಮೊದಲಿಗಿಂತ ಜೋರಾಗಿ ಬೆಳೆದವು! ಗಡ್ಡೆಗಿಂತ ವಿಷದಲ್ಲೇ ಆ ಪದಾರ್ಥ ಹೆಚ್ಚಿತ್ತು. ಹಾವಿನ ವಿಷದ ಗ್ರಂಥಿ ಅಂದರೆ ಜೊಲ್ಲುಗ್ರಂಥಿಯ ಅಣ್ಣತಮ್ಮ, ಹಾಗಾದರೆ ಇಲಿಯ ಜೊಲ್ಲುಗ್ರಂಥಿಯಲ್ಲಿ ನೋಡೋಣ ಅಂದುಕೊಂಡ ಕೋಹೆನ್. ಗಂಡಿಲಿಯ ದವಡೆ ಕೆಳಗಿನ ಗ್ರಂಥಿಯಲ್ಲಿ ಅದು ತುಂಬಿ ತುಳುಕುತ್ತಿತ್ತು. ಆ ರಸವನ್ನು ಆಗತಾನೇ ಹುಟ್ಟಿದ ಮರಿಗಳಿಗೆ ಚುಚ್ಚಿದಾಗ ಅವು ಎಷ್ಟೋ ದಿನ ಮೊದಲೇ ಕಣ್ಣು ಬಿಟ್ಟವು. ಬೇರೆಯವರಾದರೆ ಏನೋ ಎಡವಟ್ಟು ಅಂತ ಬಿಟ್ಟುಬಿಡುತ್ತಿದ್ದರು. ಕೋಹೆನ್ ಬಿಡಲಿಲ್ಲ. ಹಾಗೆ ಸಿಕ್ಕಿದ್ದು ಚರ್ಮದ ಜೀವಕೋಶ ಬೆಳೆಸುವ ಇನ್ನೊಂದು ಪ್ರೋಟೀನ್. ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು. ಆ ಎರಡನೇ ಪ್ರೋಟೀನಿನ ದಾರಿ ಕಟ್ಟುವ ಔಷಧಿಗಳನ್ನು ಇವತ್ತು ಕೆಲವು ಕ್ಯಾನ್ಸರ್‌ಗಳಿಗೆ ಕೊಡುತ್ತಾರೆ.

ನಮ್ಮ ಬಾಯಿಯ ಕಾಯಿಲೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮಂಗನಬಾವು ವೈರಸ್‌ನಿಂದ ಬರುತ್ತದೆ, ಅದಕ್ಕೆ ಆಂಟಿಬಯಾಟಿಕ್ ನುಂಗಿ ಪ್ರಯೋಜನ ಇಲ್ಲ. ಊಟಕ್ಕೆ ಕೂತಾಗ ದವಡೆ ಕೆಳಗೆ ಊದಿ, ಆಮೇಲೆ ಇಳಿದರೆ ಅಲ್ಲಿನ ಜೊಲ್ಲುಗ್ರಂಥಿಯಲ್ಲಿ ಕಲ್ಲು ಇರಬಹುದು. ಕಲ್ಲುಗಳಲ್ಲಿ ಬಹುಪಾಲು ಅಲ್ಲೇ ಕಟ್ಟುವುದು. ಅಲ್ಲಿನ ಜೊಲ್ಲು ಮಂದ, ನಾಳವೂ ಮೇಲ್ಮುಖ. ಕಿವಿ ಮುಂದಿನ ಜೊಲ್ಲುಗ್ರಂಥಿಯಲ್ಲಿ ನೋವಿಲ್ಲದ ಗಂಟು ಬಂದರೆ ಅದು ಹೆಚ್ಚಾಗಿ ಕ್ಯಾನ್ಸರ್ ಆಗಿರುವುದಿಲ್ಲ. ಹಾಗಂತ ಬರೆ ಹಾಕಿಸಬೇಡಿ, ಯಾರ್ಯಾರ ಕೈಲೋ ಕೊಯ್ಯಿಸಬೇಡಿ. ಮುಖದ ನರ ಆ ಗ್ರಂಥಿಯ ಮಧ್ಯದಲ್ಲೇ ಹಾದು ಹೋಗುತ್ತದೆ. ಅದು ತುಂಡಾದರೆ ಮುಖದ ಆ ಅರ್ಧ ಸೊಟ್ಟಗಾಗುತ್ತದೆ.

ನಾನು ಮುಖ್ಯವಾಗಿ ಹೇಳಲು ಬಂದಿದ್ದು ರೇಬೀಸ್ ವಿಷಯ. ಕಚ್ಚಿದ ಜಾಗದಿಂದ ವೈರಸ್ ನರ ಹಿಡಿದು ಮಿದುಳಿಗೆ ಹೋಗುತ್ತದೆ. ಅಲ್ಲಿಂದ ಮತ್ತೆ ನರದ ದಾರಿಯಲ್ಲೇ ಜೊಲ್ಲುಗ್ರಂಥಿಗೆ ಇಳಿದು ಅಲ್ಲಿ ಹೆಚ್ಚುತ್ತದೆ. ನಾಯಿಗೆ ಹುಚ್ಚು ಕಾಣಿಸುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರಬಹುದು. ಕಚ್ಚಿದ ನಾಯಿಯನ್ನು 10 ದಿನ ನೋಡಿ ಅನ್ನುವುದು ಅದಕ್ಕೇ. ಆದರೆ ನಿಗಾ ಇಡುತ್ತಾ ಲಸಿಕೆಗೆ ಕಾಯಬೇಡಿ, ಅದನ್ನು ಅವತ್ತೇ ಶುರು ಮಾಡಿ. 1885ರಲ್ಲಿ ಮನುಷ್ಯರಿಗೆ ಮೊದಲ ರೇಬೀಸ್ ಲಸಿಕೆ ಕೊಟ್ಟವನೂ ಪಾಶ್ಚರ್‌ನೇ, ರೇಷ್ಮೆ ಹುಳುವಿನ ಪಾಶ್ಚರ್.

ಹಸುವಿಗೂ ಇದು ಬರುತ್ತದೆ. ಗಂಟಲು ಸೋತು ನುಂಗಲಾಗದೆ ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿರುತ್ತದೆ. ದನಿ ಒಡೆದಿರುತ್ತದೆ, ಮೇವು ಮುಟ್ಟುವುದಿಲ್ಲ. ಮನೆಯವರು ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂದುಕೊಂಡು ಮೊಣಕೈವರೆಗೆ ಕೈ ಹಾಕಿ ತಡಕಾಡುತ್ತಾರೆ. ಕೈಯಲ್ಲಿ ಸೊಪ್ಪು ಕೊಯ್ದ ಗಾಯ ಇದ್ದೇ ಇರುತ್ತದೆ. ಜೊಲ್ಲು ಸುರಿಸುವ ಹಸುವಿನ ಬಾಯಿಗೆ ಬರಿಗೈ ಹಾಕಬೇಡಿ. ಹಾಕಿ ಆಗಿದ್ದರೆ 15 ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಹಸುವಿನ ಜೊಲ್ಲು ತಾಗಿದೆ ಅಂತ ಬಿಡಿಸಿ ಹೇಳಿ. ನಾಯಿ ಕಚ್ಚಿದೆಯಾ ಅಂತ ಕೇಳುತ್ತಾರೆ. ಇಲ್ಲ ಅಂತ ಹೇಳಿ ವಾಪಸ್ ಬರಬೇಡಿ, ಹಸುವಿನ ಕಥೆ ಪೂರ್ತಿ ಹೇಳಿ.