ಗಾಜಿನ ಮೇಲೆ ಬಂಡೆ ಬಿಡಿಸುವಾಗ

ಕೇಳುಗರಿಗೆಲ್ಲ ನಮಸ್ಕಾರ.

ಹೋದ ವರ್ಷ ದಾವಣಗೆರೆಯಿಂದ ಚಿತ್ರದುರ್ಗದ ಕೋಟೆಗೆ ಹೋಗಿದ್ದೆ. ಕೈಯಲ್ಲಿ ಹೊಸ ಟ್ಯಾಬ್ಲೆಟ್. ಓಬವ್ವನ ಕಿಂಡಿ ಹತ್ತಿರ ಕೂತು ಬಂಡೆ ಬಿಡಿಸೋಣ ಅಂತ. ಮೂವತ್ತು ವರ್ಷ ಪೆನ್ಸಿಲ್ ಹಿಡಿದ ಕೈ ಇದು, ಆದರೆ ಅವತ್ತು ಗೆರೆ ನಿಲ್ಲಲೇ ಇಲ್ಲ. ಕಾದ ಕಾವಲಿ ಮೇಲೆ ಬೆಣ್ಣೆ ಜಾರಿದ ಹಾಗೆ ಪೆನ್ನು ಜಾರುತ್ತಿತ್ತು. ಅಷ್ಟು ಒರಟು ಬಂಡೆ ನನ್ನ ಚಿತ್ರದಲ್ಲಿ ಸೋಪಿನ ಬಿಲ್ಲೆ ಆಗಿತ್ತು.

ಕಾಗದದಲ್ಲಿ ನಾರು ಇರುತ್ತದೆ. ಅದು ಪೆನ್ಸಿಲ್ ಮೊನೆಯನ್ನು ಸ್ವಲ್ಪ ಹಿಡಿಯುತ್ತದೆ. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಕೈ ಕಲಿಯೋದು ಆ ಹಿಡಿತದಿಂದಲೇ. ಗಾಜಿಗೆ ಅದು ಎಲ್ಲಿಂದ ಬರಬೇಕು? ಅದಕ್ಕೇ ಮ್ಯಾಟ್ ಸ್ಕ್ರೀನ್ ಗಾರ್ಡ್ ಇದೆ. ಅದರ ಮೈ ಸಣ್ಣಗೆ ತರಿತರಿಯಾಗಿರುತ್ತದೆ, ಗೀಚಿದರೆ ಸರ್ ಅನ್ನುವ ಸದ್ದು ಕೂಡ ಬರುತ್ತದೆ. ಟ್ಯೂಬ್‌ಲೈಟ್ ಪರದೆಯಲ್ಲಿ ಹೊಳೆಯುವ ಕಾಟವೂ ಕಡಿಮೆ.

ಸುಮ್ನೆ ಹೊಗಳಲಾರೆ. ಬಣ್ಣ ಸ್ವಲ್ಪ ಮಂಕಾಗುತ್ತದೆ. ಪೆನ್ನಿನ ನಿಬ್ಬು ಬೇಗ ಸವೆಯುತ್ತದೆ. ಸವೆದು ಒಳಗಿನ ಲೋಹ ಕಂಡ ಮೇಲೂ ಬರೆದರೆ ಪರದೆಗೇ ಗೀರು ಬೀಳಬಹುದು, ಹಾಗಾಗಿ ಮೊದಲೇ ಬದಲಾಯಿಸಿಬಿಡಿ. ಬೇಕಾದಾಗ ಅಂಟಿಸಿ, ಸಾಕಾದಾಗ ತೆಗೆದಿಡುವಂಥ ಗಾರ್ಡ್‌ಗಳೂ ಬಂದಿವೆ. ಮನೆಮಂದಿ ಅದೇ ಟ್ಯಾಬ್ಲೆಟ್‌ನಲ್ಲಿ ಸಿನಿಮಾ ನೋಡುವುದಾದರೆ ಅದೇ ಮೇಲು. ಇನ್ನೊಂದು ಮಾತು, ಅಂಟಿಸುವಾಗ ಫ್ಯಾನ್ ಆರಿಸಿ. ನಾನು ಆರಿಸಲಿಲ್ಲ. ಮೂಲೆಯಲ್ಲಿ ಒಂದು ಧೂಳಿನ ಕಣ, ಅದರ ಸುತ್ತ ಒಂದು ಗುಳ್ಳೆ ಇವತ್ತಿಗೂ ಇದೆ.

ಇನ್ನು ಬೆವರು. ನಮ್ಮೂರಿನ ಏಪ್ರಿಲ್ ಬಗ್ಗೆ ನಿಮಗೆ ಹೇಳಬೇಕಾ? ಒದ್ದೆ ಅಂಗೈ ಗಾಜಿಗೆ ಅಂಟುತ್ತದೆ, ಉದ್ದ ಗೆರೆ ಎಳೆಯುವಾಗ ಮಧ್ಯದಲ್ಲೇ ತಡೆಯುತ್ತದೆ. ಎಷ್ಟೋ ಸಲ ಟ್ಯಾಬ್ಲೆಟ್ ಅಂಗೈಯನ್ನೇ ಬೆರಳು ಅಂದುಕೊಂಡು ಬೇಡದ ಕಡೆ ಗೆರೆ ಹಾಕುತ್ತದೆ. ಇದಕ್ಕೆ ಎರಡು ಬೆರಳಿನ ಗ್ಲೌಸ್ ಸಿಗುತ್ತದೆ. ಕಿರುಬೆರಳು, ಉಂಗುರದ ಬೆರಳು, ಅಂಗೈಯ ಹೊರಬದಿ ಮಾತ್ರ ಮುಚ್ಚುತ್ತದೆ. ಪೆನ್ನು ಹಿಡಿಯುವ ಮೂರು ಬೆರಳು ಹೊರಗೇ ಇರುತ್ತವೆ.

ನಾನು ಮಂಡಿಪೇಟೆ ಕಡೆಯ ಒಬ್ಬ ಟೈಲರ್ ಹತ್ತಿರ ಲೆಗ್ಗಿಂಗ್ಸ್ ಬಟ್ಟೆಯಲ್ಲಿ ಹೊಲಿಸಿಕೊಂಡೆ. ಅಳತೆ ತೆಗೆದು ಅವರು ಕೇಳಿದರು, "ಸಾರ್, ಉಳಿದ ಮೂರು ಬೆರಳಿಗೆ ಬಟ್ಟೆ ಸಾಲ್ತಾ ಇಲ್ವಾ?" ಜಾರುವ, ಎಳೆದರೆ ಹಿಗ್ಗುವ ಬಟ್ಟೆಯೇ ಆಗಬೇಕು. ಹತ್ತಿ ಬಟ್ಟೆ ಬೆವರು ಕುಡಿದು ಒದ್ದೆಯಾದರೆ ಟ್ಯಾಬ್ಲೆಟ್‌ಗೆ ಮತ್ತೆ ಅಂಗೈ ಗೊತ್ತಾಗಿಬಿಡುತ್ತದೆ.

ಪೆನ್ನು ತೀರಾ ಸಣ್ಣ ಅನಿಸಿದರೆ ಶಾಲೆ ಮಕ್ಕಳು ಪೆನ್ಸಿಲ್ಲಿಗೆ ಹಾಕುವ ರಬ್ಬರ್ ಹಿಡಿ ಸಾಕು. ಆದರೆ ಟ್ಯಾಬ್ಲೆಟ್ ಪಕ್ಕಕ್ಕೆ ಅಂಟಿಕೊಂಡು ಚಾರ್ಜ್ ಆಗುವ ಪೆನ್ನಾದರೆ ಪ್ರತಿ ಸಲ ಅದನ್ನು ಕಳಚಬೇಕು.

ಕೊನೆಗೆ ಕುತ್ತಿಗೆ. ಟ್ಯಾಬ್ಲೆಟ್ ತೊಡೆ ಮೇಲಿಟ್ಟು ಒಂದು ಗಂಟೆ ಬಗ್ಗಿ ನೋಡಿ, ಗೊತ್ತಾಗುತ್ತದೆ. ಸ್ಟ್ಯಾಂಡ್ ಕೊಳ್ಳುವಾಗ ಕೈ ಊರಿದರೆ ಅಲುಗಾಡದ್ದನ್ನೇ ಆರಿಸಿ. ಸಿನಿಮಾ ನೋಡುವ ಸ್ಟ್ಯಾಂಡ್ ಕೈಭಾರಕ್ಕೆ ಕುಣಿಯುತ್ತದೆ. ನಾನು ಏನೂ ಕೊಳ್ಳಲಿಲ್ಲ. ನಮ್ಮಜ್ಜ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ನೆಲದ ಮೇಲೆ ಕೂತು ಲೆಕ್ಕ ಬರೆಯುವ ಅವರ ಇಳಿಜಾರಿನ ಮರದ ಡೆಸ್ಕ್ ಅಟ್ಟದ ಮೇಲಿತ್ತು. ಇಳಿಸಿ ಒರೆಸಿದೆ. ಟ್ಯಾಬ್ಲೆಟ್ ಜಾರದ ಹಾಗೆ ಕೆಳಗೆ ಒಂದು ಪಟ್ಟಿ ಹೊಡೆಸಿದೆ. ಆ ಇಳಿಜಾರು ಚಿತ್ರ ಬಿಡಿಸೋಕೂ ಸರಿಯಾಗಿ ಕೂತಿತು. ಮುಚ್ಚಳ ಎತ್ತಿದರೆ ಮೊದಲು ಕಿರ್ದಿ ಪುಸ್ತಕ ಇರುತ್ತಿತ್ತು. ಈಗ ಒಂದು ಗ್ಲೌಸ್, ಎರಡು ಹೊಸ ನಿಬ್ಬು, ಚಾರ್ಜರ್.

ಬರುವ ಭಾನುವಾರ ಮತ್ತೆ ಕೋಟೆಗೆ ಹೋಗುತ್ತಿದ್ದೇನೆ. ಡೆಸ್ಕ್ ಹೊರೋಕೆ ಆಗಲ್ಲ, ಗ್ಲೌಸ್ ಅಂತೂ ಜೇಬಿನಲ್ಲಿರುತ್ತದೆ. ನಮಸ್ಕಾರ.